ಪಾಂಡೇಸರಾದಿಂದ ಬಂದ ಆರು ಥೈರಿಸ್ಟರ್‌ಗಳು

ಕೆಟ್ಟುಹೋದ ಥೈರಿಸ್ಟರ್‌ಗಳನ್ನು ಬಿಚ್ಚಿ ನೋಡಿ, ಅವು ಹೇಗೆ ಕೆಟ್ಟವು ಎಂದು ಬರೆದುಕೊಡುವುದು ನನ್ನ ಕೆಲಸವಾಗಿತ್ತು. ವಡೋದರಾದ ಆ ಕಾರ್ಖಾನೆ ಈಗಿಲ್ಲ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಹೊರದೇಶದ ಅಗ್ಗದ ಮಾಲು ಬಂದು, ನಮ್ಮ ಕುಲುಮೆಗಳು ಒಂದೊಂದಾಗಿ ಆರಿದವು. ಆಮೇಲೆ ನಾನು ಅಹಮದಾಬಾದಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತಳಾದೆ. ಈಗ ಅಲ್ಲಿನ ಸ್ಯಾಟಲೈಟ್ ಬಡಾವಣೆಯ ಫ್ಲ್ಯಾಟಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಗುಜರಾತಿಗೆ ಚಿಪ್ ಕಾರ್ಖಾನೆಗಳು ಬರುತ್ತಿವೆ ಎಂಬ ಸುದ್ದಿ ಓದಿ ಎಷ್ಟೋ ಹುಡುಗ ಹುಡುಗಿಯರು ಈ ಉದ್ಯೋಗಕ್ಕೆ ಬರುವ ಆಸೆಯಲ್ಲಿದ್ದಾರೆ. ಸಂಬಳ ಬಡ್ತಿಗಳ ಕಥೆಯನ್ನು ಅವರಿಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಕೈಯಿಂದ ಆದದ್ದನ್ನು ನಾನೇ ಹೇಳಬೇಕು.

ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಮದುವೆಯಾದ ಮೇಲೆ ನಾನು ವಡೋದರಾಕ್ಕೆ ಬಂದೆ. ನಮ್ಮ ಮನೆಯವರಿಗೆ ಬ್ಯಾಂಕಿನಲ್ಲಿ ಅಲ್ಲಿಗೆ ವರ್ಗವಾಗಿತ್ತು. ಪೇಪರಿನಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕಿದವಳು ನಾನು, ಕವರಿಗೆ ಅಂಟು ಹಚ್ಚಿ ಅಂಚೆಗೆ ಹಾಕಿದವರು ಅವರು. ಗುಣಮಟ್ಟ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅದರ ಮುಖ್ಯಸ್ಥರು ದೇಸಾಯಿ ಸಾಹೇಬರು. ತೆಳ್ಳಗಿನ ಮನುಷ್ಯ, ಚಳಿಗಾಲ ಬೇಸಿಗೆ ಎನ್ನದೆ ಅರ್ಧ ತೋಳಿನ ಬಿಳಿ ಅಂಗಿ. ಯಾರಿಗೂ ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ನಾವು ತಯಾರಿಸುತ್ತಿದ್ದದ್ದು ಕಂಪ್ಯೂಟರಿನೊಳಗಿನ ಸಣ್ಣ ಚಿಪ್ ಅಲ್ಲ. ದೊಡ್ಡ ಮೋಟಾರುಗಳಿಗೆ ಹೋಗುವ ಕರೆಂಟನ್ನು ಬಿಡುವ, ತಡೆಯುವ ದಪ್ಪ ಬಿಲ್ಲೆಗಳು. ಅಂಗೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತಿತ್ತು. ಗಿರಾಕಿಗಳು ಕೆಟ್ಟ ಬಿಲ್ಲೆಗಳನ್ನು ಹಳೇ ಗುಜರಾತಿ ಪೇಪರಿನಲ್ಲಿ ಸುತ್ತಿ ಪಾರ್ಸೆಲ್ ಕಳಿಸುತ್ತಿದ್ದರು. ನಾನು ಮೇಲಿನ ಪಿಂಗಾಣಿ ಕವಚವನ್ನು ಕತ್ತರಿಸಿ, ಒಳಗಿನ ಸಿಲಿಕಾನನ್ನು ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಿದ್ದೆ. ಸಂಕೇತದ ತಂತಿ ಬಂದು ಸೇರುವ ಗೇಟಿನ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಸುಟ್ಟಿದ್ದರೆ ಕರೆಂಟು ಒಂದೇ ಸಲಕ್ಕೆ ನುಗ್ಗಿದೆ ಎಂದರ್ಥ. ಅಂಚು ಸುಟ್ಟಿದ್ದರೆ ವೋಲ್ಟೇಜ್ ಮಿತಿ ಮೀರಿದೆ, ಇಲ್ಲವೆ ನಾವೇ ಅಂಚನ್ನು ಸರಿಯಾಗಿ ತೊಳೆದಿಲ್ಲ. ನಡುಭಾಗವೆಲ್ಲ ಕರಗಿ ಕೆನೆಗಟ್ಟಿದ್ದರೆ ಯಾರೋ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಹಾಕಿದ್ದಾರೆ. ತಪ್ಪು ನಮ್ಮದೋ ಗಿರಾಕಿಯದೋ ಎನ್ನುವುದು ನನ್ನ ವರದಿಯ ಮೇಲೆ ನಿಂತಿರುತ್ತಿತ್ತು. ಹೀಗಾಗಿ ಚಿಕ್ಕ ವಯಸ್ಸಿನಲ್ಲೇ ನನಗೆ ನನ್ನ ಸಹಿಯ ಬಗ್ಗೆ ಒಂದಿಷ್ಟು ಜಂಬ ಬಂದಿತ್ತು.

ಈ ವಿಷಯ ಗೊತ್ತಿಲ್ಲದವರಿಗಾಗಿ ಸಿಲಿಕಾನಿನ ಸಂಗತಿ ನಾಲ್ಕು ಮಾತಿನಲ್ಲಿ ಹೇಳಬೇಕು. ಶುದ್ಧ ಸಿಲಿಕಾನಿನಲ್ಲಿ ಪ್ರತಿ ಪರಮಾಣುವೂ ತನ್ನ ನಾಲ್ಕು ನೆರೆಯ ಪರಮಾಣುಗಳ ಜೊತೆ ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಕೂತಿರುತ್ತದೆ. ಓಡಾಡಲು ಬಿಡುವಿರುವ ಎಲೆಕ್ಟ್ರಾನುಗಳು ತೀರ ಕಡಿಮೆ. ಅದಕ್ಕೆ ಒಂದು ಚೂರು ರಂಜಕ ಬೆರೆಸಿದರೆ ಅಲ್ಲಲ್ಲಿ ಒಂದೊಂದು ಎಲೆಕ್ಟ್ರಾನು ಹೆಚ್ಚಾಗಿ ಉಳಿಯುತ್ತದೆ. ಬೋರಾನ್ ಬೆರೆಸಿದರೆ ಅಲ್ಲಲ್ಲಿ ಒಂದೊಂದು ಜಾಗ ಖಾಲಿ ಬೀಳುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಒಂದು ಎಲೆ ಖಾಲಿ ಇದೆ ಎಂದು ಪಕ್ಕದವರು ಅಲ್ಲಿಗೆ ಸರಿದು, ಅವರ ಪಕ್ಕದವರು ಅವರ ಎಲೆಗೆ ಸರಿದರೆ, ಖಾಲಿ ಎಲೆಯೇ ಆ ತುದಿಗೆ ನಡೆದುಹೋದಂತೆ ಕಾಣುತ್ತದಲ್ಲ, ಹಾಗೆ ಈ ಖಾಲಿ ಜಾಗವೂ ನಡೆಯುತ್ತದೆ. ಈ ಎರಡು ಬಗೆಯ ಸಿಲಿಕಾನ್ ಸೇರುವ ಗಡಿಯಲ್ಲಿ ಕರೆಂಟು ಒಂದು ದಿಕ್ಕಿಗೆ ಸುಲಭವಾಗಿ ಹೋಗುತ್ತದೆ, ಇನ್ನೊಂದು ದಿಕ್ಕಿಗೆ ಹೋಗಲು ಬಿಡುವುದಿಲ್ಲ. ಒಂದು ಗಡಿ ಇದ್ದರೆ ಡಯೋಡ್. ಅಂಥ ಮೂರು ಗಡಿಗಳನ್ನು ಒಂದರ ಮೇಲೊಂದು ಇಟ್ಟರೆ ಥೈರಿಸ್ಟರ್. ಗೇಟ್ ಎಂಬ ಸಣ್ಣ ತಂತಿಗೆ ಸಂಕೇತ ಬರುವವರೆಗೆ ಅದು ಕರೆಂಟನ್ನು ತಡೆದು ನಿಲ್ಲಿಸಿರುತ್ತದೆ.

ಆದರೆ ಆ ತಡೆ ಪೂರ್ತಿ ಅಲ್ಲ. ಕೋಣೆಯ ಶಾಖಕ್ಕೇ ಕೆಲವು ಎಲೆಕ್ಟ್ರಾನುಗಳು ಜಾಗ ಬಿಟ್ಟು ಎದ್ದು ಓಡಾಡುತ್ತವೆ. ಬಿಸಿ ಏರಿದಷ್ಟೂ ಇನ್ನಷ್ಟು. ಅವುಗಳಿಂದಾಗಿ ಮುಚ್ಚಿರುವ ಥೈರಿಸ್ಟರಿನಿಂದಲೂ ಸ್ವಲ್ಪ ಕರೆಂಟು ಸೋರುತ್ತಲೇ ಇರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ದೇಸಾಯಿ ಸಾಹೇಬರು ನನ್ನನ್ನು ಮೀಟರಿನ ಮುಂದೆ ನಿಲ್ಲಿಸಿ ಮುಳ್ಳನ್ನು ತೋರಿಸಿದ್ದರು.

"ನೋಡಿ ಸುಧಾಬೆನ್, ಇದು ಸೊನ್ನೆಗೆ ಬರುತ್ತಾ?"

"ಇಲ್ಲ ಸಾಹೇಬ್."

"ಎಷ್ಟೇ ಒಳ್ಳೆ ಮಾಲು ಮಾಡಿ, ಬರುವುದಿಲ್ಲ. ಎಷ್ಟು ಸೋರಬಹುದು ಎಂದು ಮಿತಿ ಹಾಕಿಕೊಳ್ಳುವುದಷ್ಟೇ ನಮ್ಮ ಕೆಲಸ."

ನನ್ನ ಮೊದಲ ದೊಡ್ಡ ತಪ್ಪು ಈ ಸೋರಿಕೆಯ ವಿಷಯದಲ್ಲೇ ಆಯಿತು. ಹೊಸದಾಗಿ ತಯಾರಾದ ಮಾಲನ್ನೂ ನಮ್ಮ ಲ್ಯಾಬೇ ಪರೀಕ್ಷಿಸುತ್ತಿತ್ತು. ಒಂದು ಬೇಸಿಗೆಯಲ್ಲಿ ಆ ಬಿಲ್ಲೆಗಳೆಲ್ಲ ತಣ್ಣಗಿದ್ದಾಗ ಸರಿಯಾಗಿದ್ದು, ಒಲೆಯಲ್ಲಿಟ್ಟು ಬಿಸಿ ಮಾಡಿದ ಕೂಡಲೇ ವಿಪರೀತ ಸೋರತೊಡಗಿದವು. ಟ್ರೇಗಟ್ಟಲೆ ಮಾಲು ಹಾಳು. ಎರಡು ವಾರ ಆಮ್ಲ ಬದಲಾಯಿಸಿದೆವು, ನೀರು ಬದಲಾಯಿಸಿದೆವು, ಕುಲುಮೆಯ ಕೊಳವೆ ಬದಲಾಯಿಸಿದೆವು. ಕೊನೆಗೆ ಒಂದು ಬೆಳಿಗ್ಗೆ ಲ್ಯಾಬಿನ ಮಂಜುಳಾಬೆನ್ ನನ್ನ ಕೈಯನ್ನೇ ನೋಡುತ್ತ ನಿಂತರು. ತೊಳೆದ ಬಿಲ್ಲೆಯನ್ನು ಸೂಕ್ಷ್ಮದರ್ಶಕದ ಕೆಳಗೆ ತಿರುಗಿಸಲು ನಾನು ಬರಿ ಬೆರಳಿನಿಂದ ಅದರ ಅಂಚನ್ನು ಮುಟ್ಟುತ್ತಿದ್ದೆ. ಸೆಕೆಗೆ ಕೈಗವಸು ತೆಗೆದಿಡುವುದು ಅಭ್ಯಾಸವಾಗಿಬಿಟ್ಟಿತ್ತು. ಬೆವರಿನ ಉಪ್ಪು ಅಂಚಿಗೆ ಹತ್ತಿ, ಸೋರಿಕೆಗೆ ದಾರಿ ಮಾಡಿಕೊಟ್ಟಿತ್ತು.

ದೇಸಾಯಿ ಸಾಹೇಬರ ಮುಂದೆ ಹೋಗಿ ಒಪ್ಪಿಕೊಂಡೆ. ಅವರು ಕಾರಣವನ್ನು ಒಂದು ಹಾಳೆಯಲ್ಲಿ ಬರೆದರು, ಇನ್ನು ಮುಂದೆ ಚಿಮಟವಿಲ್ಲದೆ ಯಾರೂ ಬಿಲ್ಲೆ ಮುಟ್ಟಬಾರದು ಎಂದು ಸೇರಿಸಿದರು. ಯಾರ ಕೈ ಎಂದು ಬರೆಯಲಿಲ್ಲ. "ಕಾರಣ ಗೊತ್ತಾಯಿತಲ್ಲ, ಹೆಸರು ಬೇಡ" ಎಂದರು. ಆ ಒಂದು ಮಾತಿನಿಂದ ನಾನು ಆ ಕಾರ್ಖಾನೆ ಬಿಟ್ಟು ಬೇರೆ ಕಡೆ ಹೋಗುವ ಯೋಚನೆಯನ್ನೇ ಬಿಟ್ಟೆ.

ಅದಾಗಿ ಮೂರ್ನಾಲ್ಕು ವರ್ಷಕ್ಕೆ ಸೂರತ್ತಿನ ಕೆಲಸ ಬಂತು. ಅಲ್ಲಿನ ಪಾಂಡೇಸರಾದ, ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಮಿಲ್ಲುಗಳಲ್ಲಿ ಬಣ್ಣದ ನೀರು ತಿರುಗಿಸುವ ದೊಡ್ಡ ಪಂಪುಗಳಿದ್ದವು. ಹಳೆಯ ಸ್ಟಾರ್ಟರಿನ ಬಟನ್ ಒತ್ತಿದರೆ ಮೋಟಾರು ಒಮ್ಮೆಲೇ ಪೂರ್ಣ ವೇಗಕ್ಕೆ ಜಿಗಿದು, ಪೈಪು ನಡುಗಿ, ಬೆಲ್ಟು ಹರಿಯುತ್ತಿತ್ತು. ಅಹಮದಾಬಾದಿನ ಒಂದು ಪ್ಯಾನೆಲ್ ಕಂಪನಿಯವರು ನಮ್ಮ ಥೈರಿಸ್ಟರ್‌ಗಳನ್ನು ಹಾಕಿ, ಮೋಟಾರನ್ನು ನಿಧಾನವಾಗಿ ಎಬ್ಬಿಸುವ ಸಾಫ್ಟ್ ಸ್ಟಾರ್ಟರ್ ಮಾಡಿ ಅಲ್ಲಿಗೆ ಮಾರುತ್ತಿದ್ದರು. ಮಿಲ್ಲಿನ ಎಲೆಕ್ಟ್ರಿಷಿಯನ್ನರಿಗೆ ಈ ಪೆಟ್ಟಿಗೆ ಹೊಸದು. ಹಳೇ ಸ್ಟಾರ್ಟರು ಆಫ್ ಆದರೆ ಠಪ್ ಎಂದು ಸದ್ದಾಗುತ್ತಿತ್ತು, ತಾಮ್ರದ ಎರಡು ತುಂಡುಗಳು ಬೇರೆಯಾದದ್ದು ಕಣ್ಣಿಗೆ ಕಾಣುತ್ತಿತ್ತು. ಇದರಲ್ಲಿ ಸದ್ದೂ ಇಲ್ಲ, ಕಾಣುವುದೂ ಇಲ್ಲ. ಅದಕ್ಕೇ ಅವರಿಗೆ ನಮ್ಮ ಕಾರ್ಖಾನೆಯಲ್ಲಿ ಎರಡು ದಿನದ ತರಬೇತಿ ಇಟ್ಟರು. ಪಾಠ ಹೇಳುವ ಕೆಲಸ ನನಗೆ ಬಂತು.

ಹನ್ನೆರಡು ಜನ ಬಂದಿದ್ದರು. ಅವರಲ್ಲಿ ಜಯಂತಿಭಾಯಿ ಎಂಬವರು ಮೊದಲ ಸಾಲಿನಲ್ಲೇ ಕೂತರು. ನಲವತ್ತರ ಆಸುಪಾಸು. ಉಗುರಿನ ಸಂದಿಯಲ್ಲಿ ಹೋಗದೆ ಉಳಿದ ನೀಲಿ ಬಣ್ಣ. ಶಾಲೆ ಬಿಟ್ಟದ್ದು ಏಳನೇ ಇಯತ್ತೆಗೆ, ವಿದ್ಯುತ್ ಕೆಲಸವೆಲ್ಲ ಕೈಯಿಂದ ಕಲಿತದ್ದು. ಮಕ್ಕಳ ಶಾಲೆಯ ನೋಟ್‌ಬುಕ್ಕೊಂದನ್ನು ತಂದು, ನಾನು ಹೇಳಿದ್ದನ್ನೆಲ್ಲ ಗುಜರಾತಿಯಲ್ಲಿ ಬರೆದುಕೊಳ್ಳುತ್ತಿದ್ದರು. ಬರೆಯುವುದು ಮುಗಿಯದಿದ್ದರೆ "ಬೆನ್, ಒಂದು ಮಿನಿಟು" ಎಂದು ಕೈ ಎತ್ತುತ್ತಿದ್ದರು. ಹಿಂದಿನ ಸಾಲಿನವರು ನಗುತ್ತಿದ್ದರು. ಜಯಂತಿಭಾಯಿಗೆ ಅದರಿಂದ ನಾಚಿಕೆ ಆಗುತ್ತಿರಲಿಲ್ಲ. ಮೊದಲ ದಿನ ಚಹದ ಹೊತ್ತಿಗೆ ಸೂರತ್ತಿನಿಂದ ತಂದ ನಾನ್‌ಖಟಾಯಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಮಂಜುಳಾಬೆನ್‌ಗೂ ನನಗೂ ಕೊಟ್ಟರು. "ನನ್ನ ಹೆಂಡತಿ ಕಾಂತಾ ಕಟ್ಟಿಕೊಟ್ಟಳು. ಕಲಿಸುವವರ ಹತ್ತಿರ ಬರಿಗೈಲಿ ಹೋಗಬಾರದಂತೆ" ಎಂದರು.

ಎರಡನೇ ದಿನ ಬೆಳಿಗ್ಗೆ ನಾನು ಗೇಟಿನ ಕೆಲಸ ವಿವರಿಸಿದೆ. ಸಂಕೇತ ಬಂದರೆ ಕರೆಂಟು ಹರಿಯುತ್ತದೆ, ಸಂಕೇತ ನಿಂತರೆ ತಡೆಯುತ್ತದೆ. ಊಟದ ಗಂಟೆ ಹೊಡೆಯಿತು. ಜನ ಎದ್ದು ಕುರ್ಚಿ ಸರಿಸತೊಡಗಿದರು. ಜಯಂತಿಭಾಯಿ ಕೈ ಎತ್ತಿದರು.

"ಬೆನ್, ಗೇಟ್ ಬಂದ್ ಅಂದರೆ ಪೂರಾ ಬಂದ್?"

ಸೋರಿಕೆಯ ಪಾಠ ಊಟದ ನಂತರಕ್ಕೆ ಇತ್ತು. ಮೀಟರಿನ ಮುಂದೆ ನಿಲ್ಲಿಸಿ ತೋರಿಸಬೇಕು ಎಂದುಕೊಂಡಿದ್ದೆ. ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದರು, ನನಗೂ ಹಸಿವಾಗಿತ್ತು. "ಹೌದು ಜಯಂತಿಭಾಯಿ, ಪೂರಾ ಬಂದ್. ಬಾಗಿಲು ಹಾಕಿದ ಹಾಗೆ" ಎಂದೆ. ಅವರು ಬರೆದುಕೊಂಡರು.

ಊಟದ ನಂತರ ಪುಣೆಯಿಂದ ಒಬ್ಬ ದೊಡ್ಡ ಗಿರಾಕಿ ಬಂದರೆಂದು ದೇಸಾಯಿ ಸಾಹೇಬರು ನನ್ನನ್ನು ಕರೆಸಿಕೊಂಡರು. ಕ್ಲಾಸಿಗೆ ಮಂಜುಳಾಬೆನ್‌ರನ್ನು ಕಳಿಸಿದೆ. ಅವರು ಫ್ಯೂಸ್ ಬದಲಾಯಿಸುವುದು, ನಟ್ಟುಗಳನ್ನು ಎಷ್ಟು ಬಿಗಿಯಬೇಕು ಎನ್ನುವುದನ್ನೆಲ್ಲ ಚೆನ್ನಾಗಿ ತೋರಿಸಿದರು. ಸೋರಿಕೆಯ ಪಾಠ ಉಳಿದಿದೆ ಎಂದು ನಾನು ಅವರಿಗೆ ಹೇಳಿರಲಿಲ್ಲ. ಸಂಜೆ ನಾನು ಹೊರಗೆ ಬರುವಷ್ಟರಲ್ಲಿ ಸೂರತ್ತಿನವರು ಸ್ಟೇಷನ್ನಿಗೆ ಹೊರಟುಹೋಗಿದ್ದರು. ಆ ಪಾಠ ಬಾಕಿ ಉಳಿಯಿತು ಎನ್ನುವುದೇ ನನಗೆ ಮರೆತುಹೋಯಿತು.

ಏಳೆಂಟು ತಿಂಗಳ ನಂತರ ಅಹಮದಾಬಾದಿನ ಪ್ಯಾನೆಲ್ ಕಂಪನಿಯಿಂದ ಒಂದು ಪಾರ್ಸೆಲ್ ಬಂತು. ಆರು ಥೈರಿಸ್ಟರ್‌ಗಳು. ಜೊತೆಗೆ ಪತ್ರ. ಪಾಂಡೇಸರಾದ ಒಂದು ಮಿಲ್ಲಿನಲ್ಲಿ ಕರೆಂಟು ಹೊಡೆದು ಒಬ್ಬರು ಸತ್ತಿದ್ದಾರೆ, ಥೈರಿಸ್ಟರ್ ಒಳಗೇ ಕೆಟ್ಟು ಕರೆಂಟು ಬಿಟ್ಟಿತೇ ಎಂದು ತಿಳಿಸಬೇಕು, ಕಾರ್ಖಾನೆ ಇನ್ಸ್‌ಪೆಕ್ಟರ್ ಕೇಳಿದ್ದಾರೆ.

ಎರಡು ದಿನ ಬೇರೆಲ್ಲ ಬಿಟ್ಟು ಅದನ್ನೇ ಪರೀಕ್ಷಿಸಿದೆ. ತಣ್ಣಗೆ, ಬಿಸಿಯಾಗಿ, ಪೂರ್ಣ ವೋಲ್ಟೇಜಿನಲ್ಲಿ. ಆರೂ ಸರಿಯಾಗಿದ್ದವು. ಸೋರಿಕೆ ನಾವೇ ಹಾಕಿಕೊಂಡ ಮಿತಿಗಿಂತ ಎಷ್ಟೋ ಕಡಿಮೆ. ಲ್ಯಾಬಿನಲ್ಲಿ ಎಲ್ಲರಿಗೂ ಎದೆ ಹಗುರಾಯಿತು. ದೇಸಾಯಿ ಸಾಹೇಬರು ನನ್ನ ಮೇಜಿಗೇ ಬಂದು ಅಂಕಿಗಳನ್ನು ನೋಡಿ, "ದೇವರು ದೊಡ್ಡವನು" ಎಂದರು. 'ಎಲ್ಲ ಥೈರಿಸ್ಟರ್‌ಗಳೂ ಮಿತಿಯೊಳಗಿವೆ, ಯಾವ ದೋಷವೂ ಇಲ್ಲ' ಎಂದು ವರದಿ ಬರೆದು ಸಹಿ ಹಾಕಿದೆ. ಅದು ಅಂದಿನ ಟಪಾಲಿಗೇ ಹೋಯಿತು.

ವರದಿ ಕಳಿಸಿದ್ದೇವೆ ಎಂದು ತಿಳಿಸಲು ಪ್ಯಾನೆಲ್ ಕಂಪನಿಯ ಎಂಜಿನಿಯರಿಗೆ ಫೋನ್ ಮಾಡಿದಾಗ, ಸುಮ್ಮನೆ ಕೇಳಿದೆ, "ತೀರಿಕೊಂಡವರು ಯಾರು?"

"ಅಲ್ಲಿನ ಎಲೆಕ್ಟ್ರಿಷಿಯನ್ ಮೇಡಂ. ಜಯಂತಿಭಾಯಿ ಅಂತ. ಮೇನ್ ಸ್ವಿಚ್ ತೆಗೆಯದೆ ಬರೀ ಸ್ಟಾಪ್ ಬಟನ್ ಒತ್ತಿ ಮೋಟಾರಿನ ಕೇಬಲ್ ಬಿಚ್ಚಿದ್ದಾರೆ. ನೆಲ ಒದ್ದೆ ಇತ್ತು. ಅವರದೇ ತಪ್ಪು."

ಫೋನ್ ಇಟ್ಟೆ. ಗೇಟ್ ಬಂದ್ ಅಂದರೆ ಪೂರಾ ಬಂದ್ ಎಂದು ನಾನು ಹೇಳಿದ್ದು ನನ್ನ ಕಿವಿಗೇ ಕೇಳಿಸಿತು.

ಮನೆಯಲ್ಲಿ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದೆ. ನಮ್ಮ ಮನೆಯವರು ಕೇಳಿದರು, "ಯಾಕ ಸುಧಾ, ಊಟ ಹಂಗ ಬಿಟ್ಟಿ? ಮೈಯಾಗ ಆರಾಮಿಲ್ಲೇನು?"

"ಸೂರತ್ತಿನ್ಯಾಗ ಒಬ್ಬರು ಕರೆಂಟ್ ಹೊಡದು ತೀರ್ಕೊಂಡಾರ್ರಿ. ನನ್ನ ಪಾಠ ಕೇಳಿ ಹೋದವ್ರು. ನಾ ಅವರಿಗೆ ತಪ್ಪು ಹೇಳಿದ್ನಿ."

"ತಪ್ಪಂದ್ರ?"

ಹೇಳಿದೆ. ಅವರಿಗೆ ಥೈರಿಸ್ಟರ್ ಗೊತ್ತಿರಲಿಲ್ಲ, ಆದರೆ ನನ್ನ ಮುಖ ಗೊತ್ತಿತ್ತು. "ಮೊದಲ ಅಲ್ಲಿಗೆ ಹೋಗಿ ನೋಡ್ಕೊಂಡು ಬಾ. ಕಣ್ಣಾರೆ ನೋಡದ ಏನೂ ತಿಳ್ಕೋಬ್ಯಾಡ" ಎಂದರು.

ಸ್ಥಳ ನೋಡಿ ಬರುತ್ತೇನೆಂದು ದೇಸಾಯಿ ಸಾಹೇಬರ ಒಪ್ಪಿಗೆ ಪಡೆದು ಮುಂದಿನ ವಾರ ಬೆಳಗಿನ ಗಾಡಿಗೆ ಸೂರತ್ತಿಗೆ ಹೋದೆ. ಮಿಲ್ಲಿನೊಳಗೆ ಹಬೆ, ಬಣ್ಣದ ನೀರಿನ ಕಟು ವಾಸನೆ. ಪಂಪಿನ ಸುತ್ತ ನೆಲ ಹಸಿಯಾಗಿ ಹೊಳೆಯುತ್ತಿತ್ತು. ಜಯಂತಿಭಾಯಿಯ ಜೊತೆಗಾರ ಭೀಖುಭಾಯಿ ಎಂಬ ಎಲೆಕ್ಟ್ರಿಷಿಯನ್ ನನ್ನನ್ನು ಪ್ಯಾನೆಲ್ ಹತ್ತಿರ ಕರೆದುಕೊಂಡು ಹೋದರು. ಅದರಲ್ಲಿ ಈಗ ಹೊಸ ಥೈರಿಸ್ಟರ್‌ಗಳಿದ್ದವು.

"ಮೇನ್ ಸ್ವಿಚ್ ಯಾಕೆ ತೆಗೆಯಲಿಲ್ಲ?" ಎಂದು ಕೇಳಿದೆ.

"ಅದು ಶೆಡ್ಡಿನ ಆ ತುದಿಯಲ್ಲಿದೆ ಬೆನ್. ಅದನ್ನು ತೆಗೆದರೆ ಇನ್ನೆರಡು ಯಂತ್ರ ನಿಲ್ಲುತ್ತವೆ, ಒಳಗಿನ ಬಟ್ಟೆಯೆಲ್ಲ ಕಲೆಯಾಗುತ್ತದೆ. ಸೂಪರ್‌ವೈಸರ್ ಬಿಡುವುದಿಲ್ಲ. ನಾವು ಯಾವಾಗಲೂ ಸ್ಟಾಪ್ ಒತ್ತಿಯೇ ಕೆಲಸ ಮಾಡುವುದು."

"ಟೆಸ್ಟರ್ ಹಿಡಿದು ನೋಡಲಿಲ್ಲವೇ?"

ಭೀಖುಭಾಯಿ ತಟ್ಟನೆ ತಿರುಗಿದರು. "ನೋಡಿದ. ನಾನು ಪಕ್ಕದಲ್ಲೇ ಇದ್ದೆ. ಮೂರೂ ಕಡೆ ಹಿಡಿದು ನೋಡಿದ. ದೀಪ ಹತ್ತಲಿಲ್ಲ. ಆಮೇಲೇ ಬಿಚ್ಚಿದ್ದು. ಇದನ್ನು ಸಾಹೇಬರಿಗೆ ಹೇಳಿದೆ, ಯಾರೂ ಬರೆದುಕೊಳ್ಳಲಿಲ್ಲ."

ನಾನು ಅವರ ಟೆಸ್ಟರ್ ಇಸಿದುಕೊಂಡೆ. ಸ್ಟಾಪ್ ಒತ್ತಿಸಿ ಮೂರೂ ತುದಿಗಳನ್ನು ಮುಟ್ಟಿ ನೋಡಿದೆ. ದೀಪ ಹತ್ತಲಿಲ್ಲ. ಮೇನ್ ಸ್ವಿಚ್ ತೆಗೆಸಿ, ಮೋಟಾರಿನಿಂದ ಒಂದು ಕೇಬಲನ್ನು ಬಿಚ್ಚಿಸಿ, ಅದರ ತುದಿ ಯಾರಿಗೂ ತಾಗದ ಹಾಗೆ ಕಟ್ಟಿ, ಮತ್ತೆ ಮೇನ್ ಹಾಕಿಸಿದೆ. ಸ್ಟಾರ್ಟ್ ಒತ್ತಲಿಲ್ಲ. ಕೇಬಲಿನ ತುದಿಗೆ ಟೆಸ್ಟರ್ ಮುಟ್ಟಿಸಿದೆ. ಕೆಂಪು ದೀಪ ಹತ್ತಿತು.

ಆದದ್ದು ಇಷ್ಟು. ಮುಚ್ಚಿದ ಥೈರಿಸ್ಟರಿನಿಂದ ಸ್ವಲ್ಪ ಕರೆಂಟು ಸೋರುತ್ತದೆ. ಅದರ ರಕ್ಷಣೆಗೆಂದು ಅಡ್ಡಲಾಗಿ ಜೋಡಿಸಿದ ಕೆಪಾಸಿಟರ್ ಎಂಬ ಸಣ್ಣ ಡಬ್ಬಿಯಿಂದ ಇನ್ನೂ ಹೆಚ್ಚು ದಾಟುತ್ತದೆ. ಮೂರು ಕೇಬಲ್ಲುಗಳೂ ಮೋಟಾರಿಗೆ ಕಟ್ಟಿಕೊಂಡಿರುವಾಗ ಮೂರು ಕಡೆಯ ಸೋರಿಕೆ ಒಂದನ್ನೊಂದು ಸರಿದೂಗಿಸುತ್ತದೆ, ಟೆಸ್ಟರಿಗೆ ಏನೂ ಕಾಣುವುದಿಲ್ಲ. ಒಂದು ಕೇಬಲನ್ನು ಬಿಚ್ಚಿದ ಕ್ಷಣ ಅದಕ್ಕೆ ಜೀವ ಬರುತ್ತದೆ. ಒದ್ದೆ ನೆಲದ ಮೇಲೆ ನಿಂತವನನ್ನು ಕೊಲ್ಲಲು ಅಷ್ಟು ಸಾಕು. ಥೈರಿಸ್ಟರ್‌ಗಳಲ್ಲಿ ದೋಷವಿರಲಿಲ್ಲ. ಜಯಂತಿಭಾಯಿಯಲ್ಲೂ ಇರಲಿಲ್ಲ. ಅವರು ತಮಗೆ ಗೊತ್ತಿದ್ದ ಎಲ್ಲ ಎಚ್ಚರವನ್ನೂ ವಹಿಸಿದ್ದರು.

ಮಿಲ್ಲಿನ ಮ್ಯಾನೇಜರಿಗೆ ಇದನ್ನು ಹೇಳಿದೆ. ಅವರು ಪ್ಯಾನೆಲ್ ಕಂಪನಿಯಿಂದ ಬಂದಿದ್ದ ನನ್ನದೇ ವರದಿಯ ಪ್ರತಿಯನ್ನು ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟರು. "ಮಾಲು ಸರಿಯಿದೆ ಎಂದು ನೀವೇ ಬರೆದಿದ್ದೀರಿ. ಅಂದ ಮೇಲೆ ಮನುಷ್ಯನ ಅಜಾಗರೂಕತೆ. ತರಬೇತಿಗೂ ಕಳಿಸಿದ್ದೆವು. ಇನ್ನೇನು ಮಾಡಬೇಕಿತ್ತು ನಾವು?" ಎಂದರು.

ಭೀಖುಭಾಯಿ ನನ್ನನ್ನು ಜಯಂತಿಭಾಯಿಯ ಮನೆಗೆ ಕರೆದೊಯ್ದರು. ಒಂದೇ ಕೋಣೆ, ಮುಂದೆ ಸಣ್ಣ ಅಂಗಳ. ಕಾಂತಾಬೆನ್ ನೀರು ತಂದುಕೊಟ್ಟು ಎದುರಿಗೆ ಕೂತರು. ಅಳಲಿಲ್ಲ. ನಾನು ಯಾರೆಂದು ಭೀಖುಭಾಯಿ ಹೇಳಿದಾಗ ಎದ್ದುಹೋಗಿ ಆ ನೋಟ್‌ಬುಕ್ಕನ್ನು ತಂದು, ಪುಟ ಹುಡುಕಿ ತೋರಿಸಿದರು.

"ಕಲಿಸಿದ್ದನ್ನು ಬಿಟ್ಟು ಮನಸ್ಸಿಗೆ ಬಂದ ಹಾಗೆ ಮಾಡಿದ ಅನ್ನುತ್ತಾರೆ ಮಿಲ್ಲಿನವರು. ಇವರು ಹಾಗೆ ಮಾಡುವವರಲ್ಲ. ಬರೆದದ್ದನ್ನು ದಿನಾ ರಾತ್ರಿ ಓದುತ್ತಿದ್ದರು. ನೀವು ಹೇಳಿ ಬೆನ್, ಇದರಲ್ಲಿ ಏನು ಬರೆದಿದೆ? ನನಗೆ ಓದಲು ಬರುವುದಿಲ್ಲ."

ನನ್ನ ಗುಜರಾತಿ ಓದು ಆಗಲೂ ನಿಧಾನ. ಅಕ್ಷರಗಳು ದುಂಡಗಿದ್ದವು. 'ಗೇಟ್ ಬಂದ್ ಎಂದರೆ ಪೂರಾ ಬಂದ್. ಬಾಗಿಲು ಹಾಕಿದ ಹಾಗೆ. ಬೆನ್ ಹೇಳಿದ್ದು.' ಕೆಳಗೆ ಎರಡು ಗೆರೆ ಎಳೆದಿದ್ದರು. ಗಟ್ಟಿಯಾಗಿ ಓದಿದೆ.

"ಹಾಗಾದರೆ ಇವರು ನೀವು ಹೇಳಿದ ಹಾಗೆಯೇ ಮಾಡಿದ್ದಾರೆ" ಎಂದರು ಕಾಂತಾಬೆನ್.

"ಹೌದು."

"ಅದು ಸರಿಯಾದ ಮಾತೇ?"

"ಅಲ್ಲ" ಎಂದೆ. ಆ ನೋಟ್‌ಬುಕ್ಕನ್ನು ಎರಡು ದಿನದ ಮಟ್ಟಿಗೆ ಕೊಡುವಿರಾ ಎಂದು ಕೇಳಿದೆ. ಅವರು ತಲೆಯಾಡಿಸಿ ಒಲ್ಲೆ ಎಂದರು. ಕೊನೆಗೆ ಮೂವರೂ ನಡೆದು ರಸ್ತೆ ಬದಿಯ ಝೆರಾಕ್ಸ್ ಅಂಗಡಿಗೆ ಹೋದೆವು. ಅಂಗಡಿಯವನು ಕೈ ಚಾಚಿದರೂ ಅವರು ಕೊಡಲಿಲ್ಲ. ತಾವೇ ಗಾಜಿನ ಮೇಲೆ ಬೋರಲಾಗಿ ಇಟ್ಟು, ಬೆಳಕು ಹಾಯ್ದುಹೋಗುವವರೆಗೂ ಅಂಗೈಯಲ್ಲಿ ಒತ್ತಿ ಹಿಡಿದಿದ್ದರು.

ಮರುದಿನ ದೇಸಾಯಿ ಸಾಹೇಬರ ಮುಂದೆ ಆ ಪ್ರತಿಯನ್ನಿಟ್ಟೆ. ಇನ್ನೊಂದು ವರದಿ ಕಳಿಸಬೇಕು ಎಂದೆ.

"ಮೊದಲನೆಯದರಲ್ಲಿ ಸುಳ್ಳೇನಿದೆ?" ಎಂದರು.

"ಒಂದಕ್ಷರವೂ ಸುಳ್ಳಿಲ್ಲ ಸಾಹೇಬ್. ಆದರೆ ಅದನ್ನು ಹಿಡಿದುಕೊಂಡೇ ಅವರನ್ನು ಅಜಾಗರೂಕ ಎನ್ನುತ್ತಿದ್ದಾರೆ."

"ಏನು ಬರೆಯುತ್ತೀರಿ? ಊಟದ ಗಂಟೆ ಹೊಡೆದಾಗ ಅವಸರದಲ್ಲಿ ಒಂದು ಮಾತು ಹೇಳಿದೆ ಎಂದೇ?"

"ಹೌದು."

"ನಾಳೆ ಎಲ್ಲ ಮಿಲ್ಲಿನವರೂ ನಮ್ಮ ಮಾಲಿನಿಂದ ಜನ ಸಾಯುತ್ತಾರೆ ಎನ್ನುತ್ತಾರೆ. ಇಲ್ಲಿ ಇನ್ನೂರು ಜನ ದುಡಿಯುತ್ತಾರೆ ಸುಧಾಬೆನ್. ಕಾರಣ ಬರೆಯೋಣ, ಎಚ್ಚರಿಕೆ ಬರೆಯೋಣ. ನಿಮ್ಮ ಹೆಸರು ಬೇಡ. ಹಿಂದೆಯೂ ನಾನು ಬರೆದಿರಲಿಲ್ಲ."

"ಆವತ್ತು ಟ್ರೇಯಲ್ಲಿದ್ದದ್ದು ಬಿಲ್ಲೆಗಳು ಸಾಹೇಬ್" ಎಂದೆ.

ಅವರು ಝೆರಾಕ್ಸ್ ಪ್ರತಿಯನ್ನು ನನ್ನ ಕಡೆ ಸರಿಸಿ, "ಕಂಪನಿಯ ಕಾಗದದಲ್ಲಿ ಬೇಡ. ನಿಮ್ಮ ಕಾಗದದಲ್ಲಿ ಬರೆಯಿರಿ. ನಾನು ತಡೆಯುವುದಿಲ್ಲ" ಎಂದರು. ನನ್ನ ಮೇಲೆ ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪತ್ರವನ್ನು ಮನೆಯಲ್ಲೇ ಬರೆದೆ. ನಮ್ಮ ಮನೆಯವರು ಎರಡು ಸಲ ಓದಿದರು. "ಇದನ್ನ ಕಳಿಸಿದ್ರ ನಿನ್ನ ಮ್ಯಾಲ ಕೇಸ್ ಆಗಬಹುದು, ಗೊತ್ತದ ಏನು?"

"ಗೊತ್ತದರಿ."

"ಹಂಗಾದ್ರ ಈ ಸಾಲು ಸ್ವಲ್ಪ ಸ್ಪಷ್ಟ ಮಾಡು. ಓದಿದವರಿಗೆ ಅನುಮಾನ ಉಳೀಬಾರದು" ಎಂದು ಪೆನ್ಸಿಲಿನಿಂದ ಗುರುತು ಹಾಕಿದರು. ಇನ್ಸ್‌ಪೆಕ್ಟರ್ ಕಚೇರಿಗೆ ಅದನ್ನು ರಿಜಿಸ್ಟರ್ ಮಾಡಿದವರೂ ಅವರೇ.

ಅದಾದ ಮೇಲೆ ಒಂದು ವರ್ಷದ ಮೇಲೂ ಏನೂ ಸುದ್ದಿ ಇರಲಿಲ್ಲ. ಕಾರ್ಖಾನೆಯಲ್ಲಿ ವಿಷಯ ಹರಡಿತ್ತು. ಪ್ಯಾನೆಲ್ ಕಂಪನಿಯವರು ನಮ್ಮಿಂದ ಮಾಲು ಕೊಳ್ಳುವುದನ್ನು ಕಡಿಮೆ ಮಾಡಿದರು. ಕ್ಯಾಂಟೀನಿನಲ್ಲಿ ನಾನು ಹೋಗಿ ಕೂತ ಮೇಜಿನಲ್ಲಿ ಮಾತು ನಿಲ್ಲುತ್ತಿತ್ತು. ಮಂಜುಳಾಬೆನ್ ಒಬ್ಬರೇ ಎಂದಿನಂತೆ ಡಬ್ಬಿ ಬಿಚ್ಚಿ ಪಕ್ಕದಲ್ಲಿ ಕೂರುತ್ತಿದ್ದರು. ಒಮ್ಮೆ ಮೆಲ್ಲಗೆ, "ಆ ದಿನ ಕ್ಲಾಸು ನನಗೆ ಒಪ್ಪಿಸುವಾಗ ಏನು ಉಳಿದಿದೆ ಎಂದು ನಾನಾದರೂ ಕೇಳಬೇಕಿತ್ತು" ಎಂದರು. ಅವರಿಗೂ ಇದು ಅಂಟಿಕೊಂಡಿದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಆ ನಡುವೆ ಒಂದು ದಿನ ಪ್ಯಾಕಿಂಗ್ ವಿಭಾಗಕ್ಕೆ ಹೋದಾಗ ಪ್ರತಿ ಪೆಟ್ಟಿಗೆಯ ಮೇಲೂ ಹಳದಿ ಚೀಟಿ ಅಂಟಿಸುತ್ತಿದ್ದುದನ್ನು ಕಂಡೆ. 'ನಿಲ್ಲಿಸಿದ ಮೇಲೂ ಕರೆಂಟು ಇರುತ್ತದೆ. ಮೇನ್ ಸ್ವಿಚ್ ತೆಗೆಯದೆ ಮುಟ್ಟಬೇಡಿ' ಎಂದು ಗುಜರಾತಿ, ಹಿಂದಿ, ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಮಾಡಿಸಿದವರು ದೇಸಾಯಿ ಸಾಹೇಬರು. ನನಗೆ ಒಂದು ಮಾತೂ ಹೇಳಿರಲಿಲ್ಲ. ನನ್ನನ್ನು ತರಬೇತಿಯಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ, ಅದೂ ಆಗಲಿಲ್ಲ. ನಾನೇ ಪಾಠದ ಕ್ರಮ ಬದಲಾಯಿಸಿದೆ. ಮೊದಲ ದಿನ ಮೊದಲ ಗಂಟೆಯಲ್ಲಿ, ಬೇರೇನನ್ನೂ ಹೇಳುವ ಮುಂಚೆ, ಪ್ರತಿಯೊಬ್ಬರ ಕೈಗೂ ಟೆಸ್ಟರ್ ಕೊಟ್ಟು, ಮುಚ್ಚಿದ ಥೈರಿಸ್ಟರಿನ ಆಚೆ ಬದಿಯನ್ನು ಮುಟ್ಟಿಸುತ್ತಿದ್ದೆ. ದೀಪ ಹತ್ತಿದ್ದನ್ನು ಕಂಡು ಎಲ್ಲರೂ ಬೆಚ್ಚುತ್ತಿದ್ದರು. ಈ ಉದ್ಯೋಗಕ್ಕೆ ಬರುವವರಲ್ಲಿ ನನ್ನ ವಿನಂತಿ ಇದೊಂದೇ: ನಿಮ್ಮ ಪಾಠದಲ್ಲಿ ಜೀವ ತೆಗೆಯಬಲ್ಲ ಸಂಗತಿ ಯಾವುದಿದೆಯೋ ಅದನ್ನು ಮೊದಲು ಹೇಳಿ, ಉಳಿದದ್ದನ್ನು ಆಮೇಲೆ ಹೇಳಿ.

ಕೊನೆಗೆ ಸೂರತ್ತಿನಲ್ಲಿ ವಿಚಾರಣೆಗೆ ಕರೆ ಬಂತು. ದೇಸಾಯಿ ಸಾಹೇಬರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಆದರೂ ಸ್ಟೇಷನ್ನಿಗೆ ಬಂದು, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಗಾಡಿಯಲ್ಲಿ ಬಂದರು. ದಾರಿಯುದ್ದಕ್ಕೂ ಪೇಪರ್ ಓದಿದರು. ಅಧಿಕಾರಿ ನನ್ನನ್ನು ನಿಲ್ಲಿಸಿ ಕೇಳಿದರು, "ಈ ಮಾತು ನೀವೇ ಹೇಳಿದ್ದೇ?" ಹೌದು ಎಂದೆ. "ಮಾತು ತಪ್ಪೆಂದು ಹೇಳುವಾಗ ಗೊತ್ತಿತ್ತೇ?" ಗೊತ್ತಿತ್ತು ಎಂದೆ. ಉಳಿದದ್ದನ್ನು ಊಟದ ನಂತರ ಹೇಳುವವಳಿದ್ದೆ, ಹೇಳಲಿಲ್ಲ ಎಂದೆ. ಭೀಖುಭಾಯಿಯ ಮಾತನ್ನೂ ಈ ಸಲ ಬರೆದುಕೊಂಡರು. ಸ್ವಂತ ಅಜಾಗರೂಕತೆ ಎಂಬ ಮಾತನ್ನು ಹೊಡೆದುಹಾಕಿ, ಸರಿಯಾದ ತಿಳಿವಳಿಕೆ ಸಿಕ್ಕಿರಲಿಲ್ಲ, ಮೇನ್ ಸ್ವಿಚ್ ತೆಗೆಯಲು ಮಿಲ್ಲಿನಲ್ಲಿ ಅವಕಾಶವಿರಲಿಲ್ಲ ಎಂದು ದಾಖಲಿಸಿದರು. ಜಯಂತಿಭಾಯಿಯ ಮನೆಯವರಿಗೆ ಕಾನೂನಿನಂತೆ ಬರಬೇಕಾದ ಪರಿಹಾರ ಬಂತು. ನನಗೆ ಬರವಣಿಗೆಯಲ್ಲಿ ಒಂದು ಎಚ್ಚರಿಕೆ ಬಂತು. ಅಷ್ಟೇ.

ಹೊರಗೆ ಬಂದಾಗ, ಒಳಗೆ ನನ್ನ ಹೇಳಿಕೆಯನ್ನೆಲ್ಲ ಕೇಳಿದ್ದ ಕಾಂತಾಬೆನ್ ಮೆಟ್ಟಿಲಿನ ಮೇಲೆ ಕೂತಿದ್ದರು. ನನ್ನನ್ನು ಕಂಡು ಪಕ್ಕಕ್ಕೆ ಸ್ವಲ್ಪ ಸರಿದು ಜಾಗ ಮಾಡಿದರು. ಕೂತೆ.

"ಊಟವಾದ ಮೇಲೆ ಹೇಳುವವಳಿದ್ದೆ ಎಂದಿರಲ್ಲ, ಅದೇನು?" ಎಂದು ಕೇಳಿದರು.

"ಈಗ ಹೇಳಲೇ?"

"ಹೇಳಿ."

ಹೇಳಿದೆ. ನನಗೆ ಬರುವ ಗುಜರಾತಿಯಲ್ಲಿ, ಎಲೆಕ್ಟ್ರಾನು ಗಿಲೆಕ್ಟ್ರಾನು ಏನೂ ಇಲ್ಲದೆ. ಮುಚ್ಚಿದರೂ ಇದು ಪೂರ್ತಿ ಮುಚ್ಚುವುದಿಲ್ಲ, ಬಿಸಿಯಾದಷ್ಟೂ ಹೆಚ್ಚು ಸೋರುತ್ತದೆ, ಪಕ್ಕದ ಸಣ್ಣ ಡಬ್ಬಿಯಿಂದಲೂ ಕರೆಂಟು ದಾಟಿ ಬರುತ್ತದೆ, ಮೂರು ತಂತಿ ಕೂಡಿದ್ದಾಗ ಕಾಣದೆ ಇರುತ್ತದೆ, ಒಂದನ್ನು ಬಿಡಿಸಿದರೆ ಎದ್ದು ಬರುತ್ತದೆ, ಅದಕ್ಕೇ ಮೇನ್ ತೆಗೆಯಬೇಕು. ಅವರು ನಡುವೆ ಒಂದೆರಡು ಸಲ ನಿಲ್ಲಿಸಿ ಇನ್ನೊಮ್ಮೆ ಹೇಳಿಸಿದರು. ಕೊನೆಯವರೆಗೂ ಕೇಳಿದರು.

ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದರು.

"ಇದು ಅವರಿಗೆ ಅರ್ಥವಾಗುತ್ತಿತ್ತು" ಎಂದು ಹೇಳಿ ಬಸ್ಸಿನ ಕಡೆ ನಡೆದರು.